ಅರಮನೆ ಗುತ್ತಿಗೆಗೆ ಹೋದರೆ ರೋಸ್ಟರ್ ಎಲ್ಲಿಗೆ ಹೋಗುತ್ತೆ?



ಮೊನ್ನೆ ಆಫೀಸಿನಲ್ಲಿ ಟೀ ಹೊತ್ತಿಗೆ ಅರಮನೆ ಮಾತು ಬಂತು. ಸರ್ಕಾರದ ಕೈಲಿರೋ ಹಳೆ ಅರಮನೆಗಳನ್ನು ದೊಡ್ಡ ಕಂಪನಿಗಳಿಗೆ ಗುತ್ತಿಗೆ ಕೊಟ್ಟು ಐಷಾರಾಮಿ ಬೂಟಿಕ್ ಹೋಟೆಲ್ ಮಾಡಿಸಿಬಿಡಬೇಕು, ಕಟ್ಟಡನೂ ಉಳಿಯುತ್ತೆ, ಊರಿಗೆ ಕಾಸೂ ಬರುತ್ತೆ ಅಂದರು ಒಬ್ಬ ಸಹೋದ್ಯೋಗಿ. "ಅಲ್ಲಿ ಕೆಲಸ ಯಾರಿಗೆ ಸಿಗುತ್ತೆ ಸಾರ್?" ಅಂದೆ. "ಅರಮನೆಗೂ ನಿಮಗೂ ಏನ್ರೀ ಸಂಬಂಧ? ಎಲ್ಲದಕ್ಕೂ ಅದನ್ನೇ ತರ್ತೀರಿ" ಅಂತ ಲೋಟ ಇಟ್ಟು ಎದ್ದು ಹೋದರು. ಅವರಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಬೇಸರ ಮಾಡ್ಕೋಬೇಡಿ.

ಮೈಸೂರಿನವರಿಗೆ ಲಲಿತಮಹಲ್ ಗೊತ್ತು. ಬೆಟ್ಟದ ಮೇಲಿಂದ ನೋಡಿದರೆ ಹಸಿರಿನ ನಡುವೆ ಬೆಳ್ಳಗೆ ಕಾಣುತ್ತೆ. ವೈಸರಾಯ್ ಬಂದರೆ ಉಳಿದುಕೊಳ್ಳಲಿ ಅಂತ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಅಡಿಗಲ್ಲು ಬಿದ್ದಿದ್ದು 1921ರಲ್ಲಿ. ನಕ್ಷೆ ಫ್ರಿಚ್ಲಿ ಅನ್ನುವವರದು, ಗುಮ್ಮಟ ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಥರ. 1974ರಲ್ಲಿ ಅದು ಹೋಟೆಲಾಯಿತು. ಕೇಂದ್ರದ ಐಟಿಡಿಸಿ ಬಹಳ ವರ್ಷ ನಡೆಸಿತು, ಆಮೇಲೆ ರಾಜ್ಯದ ಜಂಗಲ್ ಲಾಡ್ಜಸ್ ಕೈಗೆ ಬಂತು. ದೊರೆಗಳ ಅತಿಥಿಗಳು ಕುಣಿಯೋಕೆ ಅಂತ ಕಟ್ಟಿದ ಹಾಲಿನಲ್ಲಿ ಈಗ ಊಟ ಬಡಿಸ್ತಾರೆ.

ಅದೇ 1921ರಲ್ಲಿ ಇನ್ನೊಂದು ಕೆಲಸವೂ ಆಯಿತು. 1918ರಲ್ಲಿ ನೇಮಿಸಿದ್ದ ಮಿಲ್ಲರ್ ಸಮಿತಿಯ ವರದಿ ಮೇಲೆ ಮೈಸೂರು ಸರ್ಕಾರ ಆದೇಶ ಹೊರಡಿಸಿ, ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಟ್ಟಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಿರಲಿಲ್ಲ, ಅವರು ಹುದ್ದೆ ಬಿಟ್ಟರು. ದೊರೆ ಮಾತ್ರ ಹಿಂದೆ ಸರಿಯಲಿಲ್ಲ. ನನ್ನ ಮನೇಲಿ ಬಾಬಾಸಾಹೇಬರ ಪಕ್ಕದಲ್ಲೇ ನಾಲ್ವಡಿಯವರ ಫೋಟೊ ಇರೋದು ಅದಕ್ಕೇ. ಅರಮನೆ ಅಂದ ತಕ್ಷಣ ನಾನು ಉರಿದುಬೀಳ್ತೀನಿ ಅಂತ ಯಾರೂ ಅಂದುಕೊಳ್ಳೋದು ಬೇಡ.

ಒಂದೇ ವರ್ಷದಲ್ಲಿ ಒಬ್ಬನೇ ದೊರೆ ಅರಮನೆಯನ್ನೂ ಕೊಟ್ಟ, ಮೀಸಲಾತಿಯನ್ನೂ ಕೊಟ್ಟ. ಈಗ ಗುತ್ತಿಗೆ ಮಾತಾಡೋರು ಅರಮನೆಯನ್ನ ಉಳಿಸಿಕೊಂಡು ಮೀಸಲಾತಿಯನ್ನ ಬಿಟ್ಟುಬಿಡೋಣ ಅಂತಿದಾರೆ. ಹಾಗಂತ ಬಾಯಿಬಿಟ್ಟು ಹೇಳಲ್ಲ, ಅಷ್ಟೆ.

ಇದು ಹೇಗೆ ಅಂತ ಗುಮಾಸ್ತನಿಗೆ ಚೆನ್ನಾಗಿ ಗೊತ್ತಿರುತ್ತೆ, ಯಾಕಂದ್ರೆ ರೋಸ್ಟರ್ ರಿಜಿಸ್ಟರ್ ಬರೆಯೋನು ಅವನೇ. ಈ ಬಿಂದು ಪ.ಜಾ., ಈ ಬಿಂದು ಪ.ಪಂ., ಇದು ಮಹಿಳೆ, ಇದು ತುಂಬದೆ ಉಳಿದ ಬ್ಯಾಕ್‌ಲಾಗ್. ಒಂದು ಹೋಟೆಲನ್ನ ಸರ್ಕಾರಿ ಸಂಸ್ಥೆ ನಡೆಸಿದರೆ, ಎಷ್ಟೇ ಕೆಟ್ಟದಾಗಿ ನಡೆಸಲಿ, ಅಲ್ಲಿನ ಕಾಯಂ ಹುದ್ದೆಗೆ ಈ ಪುಸ್ತಕ ಇರುತ್ತೆ. ರಿಸೆಪ್ಷನ್ನಿನಿಂದ ಮ್ಯಾನೇಜರ್‌ವರೆಗೆ. ಖಾಸಗಿಯವನಿಗೆ ಮೂವತ್ತು ವರ್ಷಕ್ಕೆ ಗುತ್ತಿಗೆ ಬರೆದುಕೊಟ್ಟ ದಿನ ಆ ಪುಸ್ತಕ ಮುಚ್ಚಿತು ಅಂತಲೇ ಲೆಕ್ಕ. ಅವನಿಗೆ ಅದು ಅನ್ವಯಿಸಲ್ಲ. 2022ರಲ್ಲಿ ಪ.ಜಾ. ಪಾಲು ಶೇ. 15ರಿಂದ 17ಕ್ಕೆ, ಪ.ಪಂ. ಪಾಲು ಶೇ. 3ರಿಂದ 7ಕ್ಕೆ ಏರಿತು ಅಂತ ಸಿಹಿ ಹಂಚಿದೆವಲ್ಲ, ಯಾವುದರಲ್ಲಿ 17? ಒಂದೊಂದೇ ಕಟ್ಟಡ, ಒಂದೊಂದೇ ಇಲಾಖೆ ಹೊರಗೆ ಹೋಗ್ತಾ ಇದ್ದರೆ ಸೊನ್ನೆಯಲ್ಲಿ ಹದಿನೇಳು ಪಾಲು ಎಷ್ಟು ಅಂತ ಮಕ್ಕಳನ್ನ ಕೇಳಿ.

ಸರ್ಕಾರಿ ಸಂಸ್ಥೆಗಳೇನು ಸಾಚಾ ಅಲ್ಲ. ಕಾಯಂ ಹುದ್ದೆ ತುಂಬಲ್ಲ, ಹೊರಗುತ್ತಿಗೆಯವರನ್ನಿಟ್ಟುಕೊಂಡೇ ಕಾಲ ತಳ್ತಾರೆ. ಗೊತ್ತು. ಆದರೆ ಅಲ್ಲಿ ಕೇಳೋಕೆ ಒಂದು ಜಾಗ ಇದೆ. ಹತ್ತು ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು, ಆಯೋಗಕ್ಕೆ ಹೋಗಬಹುದು, ಗೇಟಿನ ಮುಂದೆ ಕೂರಬಹುದು. ಹಾಗೆ ಕೂತು ಕೂತೇ 2024ರಲ್ಲಿ ಹೊರಗುತ್ತಿಗೆ ನೇಮಕದಲ್ಲೂ ಮೀಸಲಾತಿ ಪಾಲಿಸಿ ಅನ್ನೋ ಸುತ್ತೋಲೆ ಬಂತು. ಒಂದು ಕೋಟಿವರೆಗಿನ ಕಾಮಗಾರಿಗಳಲ್ಲಿ ನಮ್ಮ ಗುತ್ತಿಗೆದಾರರಿಗೆ ಪಾಲು ಬಂತು. ಚರಂಡಿ ಕಾಮಗಾರಿಗೆ ಮೀಸಲಾತಿ ಇದೆ, ಅರಮನೆ ಗುತ್ತಿಗೆಗೆ ಇಲ್ಲ ಅಂದ್ರೆ ಏನರ್ಥ?

ನಮ್ಮ ಚಿಕ್ಕಮ್ಮನ ಮಗಳು ಒಂದು ಅರಮನೆ ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಕೆಲಸದಲ್ಲಿದಾಳೆ. ಖಾಸಗಿಯವರದು. "ಊರು ಹೆಸರೂ ಹಾಕ್ಬೇಡ ಕಣಣ್ಣ" ಅಂದಿದಾಳೆ, ಹಾಕಲ್ಲ. ಡಿಗ್ರಿ ಆಗಿದೆ, ಇಂಗ್ಲಿಷ್ ನನಗಿಂತ ಚೆನ್ನಾಗಿ ಮಾತಾಡ್ತಾಳೆ. ರಿಸೆಪ್ಷನ್ನಿಗೆ ಹಾಕಿ ಅಂತ ಎರಡು ಸಲ ಕೇಳಿದಳು. "ಅಲ್ಲಿಗೆ ಒಂದು ಲುಕ್ ಬೇಕಮ್ಮ" ಅಂದರಂತೆ. ಜಾತಿ ಕೇಳಲಿಲ್ಲ, ಬೈಯಲಿಲ್ಲ, ನಗುನಗ್ತಾನೇ ಹೇಳಿದರು. ದೌರ್ಜನ್ಯ ತಡೆ ಕಾಯ್ದೆಯಲ್ಲಿ "ಲುಕ್" ಅನ್ನೋದಕ್ಕೆ ಯಾವ ಸೆಕ್ಷನ್ ಇದೆ ಹೇಳಿ. ಒಂದು ದಿನ ಅವಳನ್ನ ಕರ್ಕೊಂಡು ಬರೋಕೆ ಹೋಗಿದ್ದೆ. ಮುಂದಿನ ಬಾಗಿಲಲ್ಲಿ ಜರಿ ಪೇಟ ಸುತ್ತಿದವನೊಬ್ಬ ಕಾರಿನವರಿಗೆ ಬಗ್ಗಿ ಕೈ ಮುಗೀತಿದ್ದ. ನನ್ನ ಬೈಕ್ ನೋಡಿ, ಹಿಂದಿನ ಗೇಟಿಗೆ ಹೋಗಿ ಅಂತ ಕೈಯಲ್ಲೇ ತೋರಿಸಿದ. ಅವನೂ ನಮ್ಮಂಥವನೇ ಇರಬೇಕು, ಅವನ ಮೇಲೆ ಸಿಟ್ಟಿಲ್ಲ. ಹಿಂದಿನ ಗೇಟಲ್ಲಿ ಕೆಲಸ ಮುಗಿಸಿ ಬರೋ ಹೆಣ್ಣುಮಕ್ಕಳ ಬ್ಯಾಗು ತೆಗೆಸಿ ನೋಡ್ತಿದ್ದರು. ನನ್ನ ತಂಗಿಯ ಊಟದ ಡಬ್ಬಿಯನ್ನೂ ಬಿಚ್ಚಿಸಿ ನೋಡಿದರು.

ಹೋಟೆಲ್ ಅನ್ನೋ ಪದವೇ ನಮಗೆ ಬೇರೆ ಥರ ಕೇಳಿಸುತ್ತೆ. ನಮ್ಮಪ್ಪನ ಕಾಲಕ್ಕೆ ಊರ ಹೋಟೆಲಲ್ಲಿ ನಮ್ಮ ಕೇರಿಯವರಿಗೆ ಬೇರೆ ಲೋಟ. ಹೊರಗಿನ ಸಂದಿಯಲ್ಲಿ ಇಟ್ಟಿರ್ತಿದ್ದರು. ತಾವೇ ತಗೊಂಡು, ಕುಡಿದು, ತೊಳೆದು ಅಲ್ಲೇ ಇಡಬೇಕು. ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಹೋಟೆಲ್, ಕೆರೆ, ಬಾವಿ ಅಂತ ಒಂದೊಂದಾಗಿ ಹೆಸರಿಟ್ಟು ಬರೆದಿರೋದು ಸುಮ್ಮನೆ ಅಲ್ಲ. ಬರೆದವರ ಕಡೆಯವರಲ್ಲಿ ಒಬ್ಬರು ಆ ಬಾಗಿಲಲ್ಲಿ ನಿಂತು ಬಂದವರು. ಬರೋಡಾದ ದೊರೆ ಸಯಾಜಿರಾವ್ ಗಾಯಕವಾಡರು ಅಂಬೇಡ್ಕರರನ್ನ ವಿದ್ಯಾರ್ಥಿವೇತನ ಕೊಟ್ಟು ಅಮೆರಿಕಕ್ಕೆ ಕಳಿಸಿ ಓದಿಸಿದರು. 1917ರಲ್ಲಿ ನೌಕರಿಗೆ ಅಂತ ವಾಪಸ್ ಬಂದಾಗ ಅದೇ ಊರಲ್ಲಿ ಅವರಿಗೆ ಉಳಿಯೋಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ವಸತಿಗೃಹ ಸೇರಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದವರು ಖಾಲಿ ಮಾಡಿಸಿದರು. ದೊರೆ ಒಳ್ಳೆಯವನಾಗಿದ್ದರೂ ಕೋಣೆಯ ಬೀಗದ ಕೈ ಬೇರೆಯವರ ಹತ್ತಿರ ಇತ್ತು.

ಈಗ ಬಾಗಿಲಲ್ಲಿ ಯಾರೂ ಜಾತಿ ಕೇಳಲ್ಲ ನಿಜ, ದುಡ್ಡು ಕೇಳ್ತಾರೆ. ಜೋಧಪುರದ ಉಮೈದ್ ಭವನದಂಥ ಕಡೆ ಒಂದು ರಾತ್ರಿಯ ಬಾಡಿಗೆ ಅಂದ್ರೆ ಗುಮಾಸ್ತನ ಒಂದು ತಿಂಗಳ ಸಂಬಳಕ್ಕೂ ಸಾಲಲ್ಲ. ಆ ಅರಮನೆ ಶುರುವಾಗಿದ್ದು 1929ರಲ್ಲಿ, ಬರಗಾಲದ ಪರಿಹಾರ ಕಾಮಗಾರಿ ಅಂತ. ಹೊಟ್ಟೆಗಿಲ್ಲದ ಸಾವಿರಾರು ಜನ ಕಲ್ಲು ಹೊತ್ತರು, 1943ರವರೆಗೆ ನಡೀತು. ಅದು ರಾಜಮನೆತನದ ಸ್ವಂತ ಆಸ್ತಿ. ರಾಜಧನ 1971ರಲ್ಲಿ ನಿಂತ ಮೇಲೆ ಇಂಥ ಎಷ್ಟೋ ಅರಮನೆಗಳು ಹೋಟೆಲಾದವು. ಅವರ ಮನೆ, ಅವರಿಷ್ಟ. ನನ್ನ ತಕರಾರು ಸರ್ಕಾರದ ಕೈಯಲ್ಲಿರೋ ಅರಮನೆಗಳದ್ದು.

ಹಂಗಂದ್ರೆ ಬೀಗ ಹಾಕಿ ಪಾರಿವಾಳಕ್ಕೆ ಬಿಡೋದಾ ಅಂತ ಕೇಳಬಹುದು. ಬೇಡ. ಮಳೆ ಸೋರೋ ಮಾಡಿನಿಂದ ಯಾರಿಗೂ ಉಪಕಾರ ಇಲ್ಲ, ಹೋಟೆಲೇ ಆಗಲಿ. ಮೈಸೂರಲ್ಲೇ ಇನ್ನೊಂದು ದಾರಿ ಕಣ್ಣ ಮುಂದಿದೆ. ಜಯಲಕ್ಷ್ಮಿಪುರಂನ ಚಿತ್ತರಂಜನ್ ಮಹಲ್. ರಾಜಕುಮಾರಿಯರಿಗೆ ಅಂತ ಕಟ್ಟಿದ್ದು, ಮಧ್ಯೆ ಪ್ರೀಮಿಯರ್ ಸ್ಟುಡಿಯೊ ಆಗಿತ್ತು, ಆಮೇಲೆ ಇಂಗ್ಲೆಂಡಿನ ಒಂದು ದತ್ತಿ ಸಂಸ್ಥೆ ರಿಪೇರಿ ಮಾಡಿಸಿ ಗ್ರೀನ್ ಹೋಟೆಲ್ ಮಾಡಿತು. ಲಾಭ ಸಮಾಜದ ಕೆಲಸಕ್ಕೆ ಅಂತ ನಿಯಮ. ಅಲ್ಲಿನ ಮಾಲ್ಗುಡಿ ಕಾಫಿ ಅಂಗಡಿಗೆ ದಲಿತ ಹೆಣ್ಣುಮಕ್ಕಳನ್ನ ಸೇರಿಸಿಕೊಂಡು ತರಬೇತಿ ಕೊಟ್ಟರು. ನಮ್ಮಪ್ಪ ಹೊರಗಿನ ಸಂದಿಯಿಂದ ಲೋಟ ತಗೊಂಡವರು. ಇಲ್ಲಿ ನಮ್ಮ ಹೆಣ್ಣುಮಕ್ಕಳು ಕಾಫಿ ತಂದು ಮೇಜಿನ ಮೇಲೆ ಇಡ್ತಾರೆ, ಎಲ್ಲ ಜಾತಿಯವರೂ ಕುಡೀತಾರೆ. ಕಟ್ಟಡವೂ ಬಿದ್ದುಹೋಗಲಿಲ್ಲ. ಹೊರದೇಶದ ಒಂದು ಟ್ರಸ್ಟಿಗೆ ಹೊಳೆದಿದ್ದು, ಸಾಮಾಜಿಕ ನ್ಯಾಯದ ಹೆಸರಲ್ಲಿ ವೋಟು ತಗೊಳ್ಳೋ ನಮ್ಮ ಸರ್ಕಾರಗಳಿಗೆ ಹೊಳೆಯಲ್ವಾ?

ಹಾಗಾಗಿ ಕೇಳ್ತಿರೋದು ದೊಡ್ಡದೇನಲ್ಲ. ಸರ್ಕಾರದ ಕೈಲಿರೋ ಯಾವುದೇ ಅರಮನೆಯನ್ನ ಖಾಸಗಿಗೆ ಕೊಡೋ ಟೆಂಡರಿನಲ್ಲಿ ಒಂದು ಷರತ್ತು ಬರೀರಿ: ಪ.ಜಾ., ಪ.ಪಂ. ಪಾಲು ಎಲ್ಲ ದರ್ಜೆಯಲ್ಲೂ ಇರಬೇಕು, ಮುಂದಿನ ಮೇಜಲ್ಲೂ ಇರಬೇಕು, ವರ್ಷಕ್ಕೊಮ್ಮೆ ಪಟ್ಟಿ ಪ್ರಕಟಿಸಬೇಕು, ತಪ್ಪಿದರೆ ಗುತ್ತಿಗೆ ರದ್ದು. ತಿಂಗಳಿಗೆ ಒಂದು ದಿನವಾದರೂ ಸರ್ಕಾರಿ ಶಾಲೆ ಮಕ್ಕಳಿಗೆ ಮುಂದಿನ ಬಾಗಿಲು ತೆಗೀರಿ. ಷರತ್ತು ಹಾಕಿದರೆ ಯಾರೂ ಟೆಂಡರ್ ಹಾಕಲ್ಲ ಅಂತೀರಾ? ಹಾಕಿ ನೋಡಿ ಆಮೇಲೆ ಹೇಳಿ.

ಸರ್ಕಾರಿ ಪಾರಂಪರಿಕ ಕಟ್ಟಡಗಳ ಗುತ್ತಿಗೆ ಟೆಂಡರ್ ದಾಖಲೆ, ಹಳೇದಾದರೂ ಸರಿ, ಯಾರ ಹತ್ತಿರವಾದರೂ ಇದ್ದರೆ ಇನ್‌ಬಾಕ್ಸಿಗೆ ಕಳಿಸಿ. ಭಾನುವಾರ ರಜಾ ಇದೆ, ನೌಕರಿ ಬಗ್ಗೆ ಏನು ಬರೆದಿದಾರೆ ಅಂತ ಕೂತು ಓದ್ತೀನಿ.