ಒಂದೇ ಹೆಸರು, ಎರಡು ಕಾರ್ಡು

ಹಳೆಯ ಕಂಪ್ಯೂಟರಿಗೊಂದು ಗ್ರಾಫಿಕ್ಸ್ ಕಾರ್ಡು ಹಾಕಿಸೋಣವೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹೋದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: 'ಎಷ್ಟು ಜಿಬಿ?' 'ಎರಡು ಜಿಬಿ ಸಾರ್' ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಚೌಕಾಸಿ ಶುರು. ಅಂಗಡಿಯವನ ಉತ್ತರದಲ್ಲಿ ಸುಳ್ಳೇನೂ ಇಲ್ಲ. ಆದರೆ ಕೇಳಬೇಕಾದ ಪ್ರಶ್ನೆಯೇ ಬೇರೆ.

ಎನ್‌ವಿಡಿಯಾ ಕಂಪನಿಯ ಜಿಟಿ 1030 ಕಾರ್ಡನ್ನೇ ನೋಡಿ. ಇದು ಮಾರುಕಟ್ಟೆಗೆ ಬಂದದ್ದು 2017ರ ಮೇ ತಿಂಗಳಲ್ಲಿ. ಆ ತಲೆಮಾರಿನ ಕಾರ್ಡುಗಳಲ್ಲೆಲ್ಲ ಇದೇ ಬಡವರ ಬಂಧು. ಬೇಕಾಗುವ ವಿದ್ಯುತ್ತು ಬರೀ 30 ವ್ಯಾಟ್. ಪವರ್ ಸಪ್ಲೈನಿಂದ ಬೇರೆ ತಂತಿ ಎಳೆಯಬೇಕಾಗಿಲ್ಲ. ಯಾವುದೋ ಕಚೇರಿಯವರು ಹರಾಜು ಹಾಕಿದ ಹಳೆಯ ಪೆಟ್ಟಿಗೆಯಲ್ಲೂ ಇದು ತೆಪ್ಪಗೆ ಕುಳಿತು ಕೆಲಸ ಮಾಡುತ್ತದೆ. ಅದರಲ್ಲಿದ್ದ ಸ್ಮೃತಿ, ಅಂದರೆ ಮೆಮೊರಿ, ಜಿಡಿಡಿಆರ್5 ಎಂಬ ಜಾತಿಯದು. ಚಿತ್ರದ ಕೆಲಸಕ್ಕೆಂದೇ ಮಾಡಿದ ಚುರುಕಾದ ಮೆಮೊರಿ ಅದು. ಮರುವರ್ಷ, 2018ರಲ್ಲಿ, ಇದೇ ಕಾರ್ಡು ಡಿಡಿಆರ್4 ಮೆಮೊರಿಯೊಂದಿಗೂ ಬಂತು. ಅದು ಕಂಪ್ಯೂಟರಿನ ಸಾಮಾನ್ಯ ಕೆಲಸಗಳಿಗೆ ಬಳಸುವ ಮೆಮೊರಿ. ಹೆಸರಿನಲ್ಲಿ ಮಾತ್ರ ಒಂದಕ್ಷರವೂ ಬದಲಾಗಲಿಲ್ಲ. ಎರಡೂ ಜಿಟಿ 1030, ಎರಡೂ 2 ಜಿಬಿ. ಎರಡರೊಳಗೂ ಇರುವುದು 384 ಗಣನ ಘಟಕಗಳ ಒಂದೇ ಚಿಪ್ಪು.

ಹಾಗಾದರೆ ವ್ಯತ್ಯಾಸವೇನು? ಒಂದು ಮದುವೆಯ ಅಡಿಗೆಮನೆಯನ್ನು ನೆನೆಯಬಹುದು. 384 ಬಾಣಸಿಗರು ಒಲೆಗಳ ಮುಂದೆ ಸಿದ್ಧರಾಗಿದ್ದಾರೆ. ಪಕ್ಕದಲ್ಲೇ ಉಗ್ರಾಣ. ಅಲ್ಲಿಂದ ಅಕ್ಕಿ, ಬೇಳೆ, ತರಕಾರಿ ತಂದುಕೊಡಲು 64 ಆಳುಗಳಿದ್ದಾರೆ. ಬಾಣಸಿಗರೆಂದರೆ ಚಿಪ್ಪಿನ ಗಣನ ಘಟಕಗಳು, ಉಗ್ರಾಣವೆಂದರೆ ಮೆಮೊರಿ, 64 ಆಳುಗಳೆಂದರೆ ಇವೆರಡರ ನಡುವಿನ 64 ಬಿಟ್ ಅಗಲದ ದಾರಿ. '2 ಜಿಬಿ' ಎನ್ನುವುದು ಉಗ್ರಾಣ ಎಷ್ಟು ದೊಡ್ಡದು ಎಂಬುದನ್ನಷ್ಟೇ ಹೇಳುತ್ತದೆ. ಆಳುಗಳು ಓಡುತ್ತಿದ್ದಾರೋ ಕಾಲೆಳೆಯುತ್ತಿದ್ದಾರೋ ಎಂಬುದನ್ನು ಹೇಳುವುದಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಜಿಡಿಡಿಆರ್5 ಕಾರ್ಡಿನಲ್ಲಿ ಒಂದೊಂದು ದಾರಿಯಲ್ಲೂ ಸೆಕೆಂಡಿಗೆ 600 ಕೋಟಿ ಬಿಟ್‌ಗಳು ಸಾಗುತ್ತವೆ. 64 ದಾರಿಗಳಿಂದ 38,400 ಕೋಟಿ. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಎಂಟರಿಂದ ಭಾಗಿಸಿದರೆ 4,800 ಕೋಟಿ ಬೈಟ್, ಅಂದರೆ ಸೆಕೆಂಡಿಗೆ 48 ಜಿಬಿ. ಡಿಡಿಆರ್4 ಕಾರ್ಡಿನಲ್ಲಿ ಒಂದೊಂದು ದಾರಿಯ ವೇಗ 210 ಕೋಟಿ ಬಿಟ್. ಅದೇ ಗುಣಾಕಾರ, ಅದೇ ಭಾಗಾಕಾರ: 16.8 ಜಿಬಿ. ಮೊದಲನೆಯದರ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಇದು ಸಾಲದೆಂಬಂತೆ ಚಿಪ್ಪಿನ ಗರಿಷ್ಠ ಓಟವನ್ನೂ 1,468 ಮೆಗಾಹರ್ಟ್ಸ್‌ನಿಂದ 1,379ಕ್ಕೆ ಇಳಿಸಲಾಗಿತ್ತು. ವಿದ್ಯುತ್ ಬಳಕೆಯೂ 20 ವ್ಯಾಟಿಗೆ ಇಳಿಯಿತು. ಗುಡುಗು ಕಡಿಮೆಯಾದರೆ ಮಳೆಯೂ ಕಡಿಮೆ!

ಬಾಣಸಿಗರ ಸಂಖ್ಯೆ ಕಡಿಮೆಯಾಗಿಲ್ಲ, ನಿಜ. ಆದರೆ ತರಕಾರಿ ಬರುವವರೆಗೆ ಅವರು ಕೈಕಟ್ಟಿ ಕೂರಬೇಕು. ಅದೇ ವರ್ಷ ಗೇಮರ್ಸ್ ನೆಕ್ಸಸ್ ಎಂಬ ಅಮೆರಿಕದ ಪರೀಕ್ಷಕ ತಂಡ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓಡಿಸಿ ನೋಡಿತು. ಕೆಲವು ಆಟಗಳಲ್ಲಿ ಡಿಡಿಆರ್4 ಕಾರ್ಡಿನ ಸಾಮರ್ಥ್ಯ ಸುಮಾರು ಅರ್ಧಕ್ಕೆ ಬಿದ್ದಿತ್ತು.

ಹಾಗೆಂದು ಎರಡನೆಯದು ಕಸ ಎನ್ನಲಾಗದು. 1920 ಅಡ್ಡ, 1080 ಉದ್ದದ ಪರದೆಯಲ್ಲಿರುವ ಚುಕ್ಕೆಗಳು ಸುಮಾರು 20 ಲಕ್ಷದ 73 ಸಾವಿರ. ಚುಕ್ಕೆಗೆ ನಾಲ್ಕು ಬೈಟ್‌ನಂತೆ, ಸೆಕೆಂಡಿಗೆ 60 ಬಾರಿ ಓದಿದರೂ ಬೇಕಾಗುವುದು ಅರ್ಧ ಜಿಬಿ. ಪತ್ರ ಟೈಪು ಮಾಡುವವರಿಗೆ, ಲೆಕ್ಕಪತ್ರ ಬರೆಯುವವರಿಗೆ 16.8 ಧಾರಾಳವಾಯಿತು. ಸಿನಿಮಾ ನೋಡುವವರಿಗೂ ದೊಡ್ಡ ನಷ್ಟವಿಲ್ಲ. ಎಚ್‌ಇವಿಸಿ, ವಿಪಿ9 ಬಗೆಯ ವಿಡಿಯೋಗಳನ್ನು ಬಿಡಿಸುವ ಸರ್ಕ್ಯೂಟು ಚಿಪ್ಪಿನಲ್ಲೇ ಇದೆ, ಎರಡರಲ್ಲೂ ಒಂದೇ. ಹೊಸದಾದ ಎವಿ1 ಎರಡಕ್ಕೂ ಬಾರದು. ಮೋಸ ಹೋಗುವವನು ಆಟಕ್ಕೆಂದು ಕೊಳ್ಳುವ ಹುಡುಗ. ಆಟದಲ್ಲಿ ಒಂದೇ ಚುಕ್ಕೆಗೆ ಗೋಡೆ, ಅದರ ಮುಂದೆ ಮರ, ಅದರ ಮುಂದೆ ಹೊಗೆ ಎಂದು ಮತ್ತೆ ಮತ್ತೆ ಬಣ್ಣ ಬಳಿಯಬೇಕು. ಪ್ರತಿಸಲವೂ ಉಗ್ರಾಣಕ್ಕೆ ಓಡಬೇಕು. ತಿಂಗಳುಗಟ್ಟಲೆ ಕೂಡಿಟ್ಟ ಹಣ ಕೊಟ್ಟವನಿಗೆ, ಗೆಳೆಯನ ಮನೆಯಲ್ಲಿ ನುಣ್ಣಗೆ ಓಡಿದ ಆಟ ತನ್ನ ಮನೆಯಲ್ಲಿ ಏಕೆ ತೊದಲುತ್ತಿದೆ ಎಂಬುದು ತಿಳಿಯುವುದೇ ಇಲ್ಲ. ಇಬ್ಬರ ಕಾರ್ಡಿನ ಹೆಸರೂ ಒಂದೇ ತಾನೆ? ಇನ್ನೊಂದು ಹೆಸರಿಡಲು ಕಂಪನಿಗೆ ಖರ್ಚೇನೂ ಆಗುತ್ತಿರಲಿಲ್ಲ.

ಇದು ಮೊದಲ ಸಲವೂ ಅಲ್ಲ. 2014ರ ಜಿಟಿ 730 ಎಂಬ ಹೆಸರಿನಡಿ ಮೂರು ಕಾರ್ಡುಗಳಿದ್ದವು. ಒಂದರಲ್ಲಿ ಹಳೆಯ ಫರ್ಮಿ ತಲೆಮಾರಿನ 96 ಘಟಕಗಳು. ಉಳಿದೆರಡರಲ್ಲಿ ಕೆಪ್ಲರ್ ತಲೆಮಾರಿನ 384. ಆ ಎರಡರಲ್ಲೂ ಒಂದಕ್ಕೆ ಸೆಕೆಂಡಿಗೆ 14.4 ಜಿಬಿ, ಇನ್ನೊಂದಕ್ಕೆ 40. ಪರಿಣಾಮ ಇನ್ನೂ ವಿಚಿತ್ರ. ಫರ್ಮಿ ಕಾರ್ಡುಗಳಿಗೆ ಹೊಸ ಡ್ರೈವರ್ ತಂತ್ರಾಂಶ ಕೊಡುವುದನ್ನು ಕಂಪನಿ 2018ರಲ್ಲಿ ನಿಲ್ಲಿಸಿತು, ಕೆಪ್ಲರ್‌ಗೆ 2021ರಲ್ಲಿ. ಹೀಗೆ ಒಂದೇ ಹೆಸರಿಗೆ ಎರಡು ತಿಥಿ. ಜಿಟಿ 1030ಕ್ಕೆ ಹೊಸ ಆಟಗಳಿಗೆಂದು ಡ್ರೈವರ್ ಬರುವುದು 2025ರ ಅಕ್ಟೋಬರಿಗೆ ಮುಗಿಯಿತು. ಭದ್ರತೆಯ ತಿದ್ದುಪಡಿಗಳನ್ನು 2028ರ ಅಕ್ಟೋಬರ್‌ವರೆಗೆ ಕೊಡುವುದಾಗಿ ಕಂಪನಿ ಹೇಳಿದೆ. ಈಗ ಕೊಳ್ಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪೆಟ್ಟಿಗೆ ಇದ್ದರೆ ಮೂಲೆಯಲ್ಲಿನ ಸಣ್ಣ ಅಕ್ಷರಗಳಲ್ಲಿ ಮೆಮೊರಿಯ ಜಾತಿ ಸಿಗುತ್ತದೆ. ಬಳಸಿದ ಕಾರ್ಡಿಗೆ ಪೆಟ್ಟಿಗೆ ಎಲ್ಲಿಂದ ಬರಬೇಕು? ಅಂಗಡಿಯಲ್ಲೇ ಒಂದು ಕಂಪ್ಯೂಟರಿಗೆ ಕಾರ್ಡು ಸಿಕ್ಕಿಸಿ, ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ತೆರೆಯಿಸಬೇಕು. ಎರಡು ನಿಮಿಷದ ಕೆಲಸ. ಅದರಲ್ಲಿ ಬ್ಯಾಂಡ್‌ವಿಡ್ತ್ ಎಂಬ ಸಾಲಿದೆ. 48ರ ಆಸುಪಾಸಿನ ಅಂಕಿ ಕಂಡರೆ ಮೊದಲ ಕಾರ್ಡು, 16.8 ಕಂಡರೆ ಎರಡನೆಯದು. 'ಎರಡೂ ಒಂದೇ ಸಾರ್' ಎಂದು ಅಂಗಡಿಯವನು ಅಂದರೆ, ಆ ಸಾಲಿನ ಮೇಲೆ ಬೆರಳಿಟ್ಟು ಬೆಲೆಯನ್ನು ಮತ್ತೊಮ್ಮೆ ಕೇಳಬಹುದು.