ವಿಜ್ಞಾನ ಪಠ್ಯಕ್ಕೂ ಮೊದಲು ಪ್ರಶ್ನೆಪತ್ರಿಕೆ ಬದಲಾಗಲಿ

ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದ ವಿದ್ಯುಚ್ಛಕ್ತಿ ಪಾಠದಲ್ಲಿ ಒಂದು ಒಳ್ಳೆಯ ಚಟುವಟಿಕೆ ಇದೆ. ಅರ್ಧ ಮೀಟರ್ ನಿಕ್ರೋಮ್ ತಂತಿ, ಒಂದು ಅಮ್ಮೀಟರ್, ಒಂದು ವೋಲ್ಟ್‌ಮೀಟರ್, 1.5 ವೋಲ್ಟ್‌ನ ನಾಲ್ಕು ಸೆಲ್. ಸೆಲ್‌ಗಳನ್ನು ಒಂದೊಂದಾಗಿ ಸೇರಿಸುತ್ತ, ಎರಡೂ ಮೀಟರುಗಳ ಅಳತೆ ಬರೆದುಕೊಂಡು ನಕ್ಷೆ ಎಳೆದರೆ ಓಮ್‌ನ ನಿಯಮ ನೇರ ಗೆರೆಯಾಗಿ ಮಕ್ಕಳ ಕಣ್ಣೆದುರೇ ಮೂಡುತ್ತದೆ. ಆದರೆ ಪರೀಕ್ಷೆಯಲ್ಲಿ ‘ಓಮ್‌ನ ನಿಯಮ ನಿರೂಪಿಸಿ’ ಎಂದಷ್ಟೇ ಕೇಳಿದರೆ ತಂತಿಯನ್ನು ಒಮ್ಮೆಯೂ ಮುಟ್ಟದ ಮಗುವಿಗೂ ಪೂರ್ತಿ ಅಂಕ ಸಿಗುತ್ತದೆ. ಪಾಠ ಮುಗಿಸಿ ಪುನರಾವರ್ತನೆ ಶುರು ಮಾಡಬೇಕೆಂಬ ಒತ್ತಡದಲ್ಲಿರುವ ಶಿಕ್ಷಕರು ಆ ತಂತಿಗಾಗಿ ಎರಡು ಪೀರಿಯಡ್ ಎಲ್ಲಿಂದ ತಂದಾರು?

ಶಾಲಾ ವಿಜ್ಞಾನ ಈಗ ಹೊಸ ಮಾನದಂಡಗಳಿಗೆ ಹೊಂದಿಕೊಳ್ಳುತ್ತಿದೆ. ಕೆ. ಕಸ್ತೂರಿರಂಗನ್ ನೇತೃತ್ವದ ಸಮಿತಿ ಸಿದ್ಧಪಡಿಸಿದ ಶಾಲಾ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2023ರ ಆಗಸ್ಟ್‌ನಲ್ಲಿ ಹೊರಬಂತು. ಮಗು ಏನನ್ನು ನೆನಪಿಟ್ಟುಕೊಂಡಿದೆ ಎನ್ನುವುದಕ್ಕಿಂತ ಏನು ಮಾಡಬಲ್ಲದು ಎಂಬುದರ ಮೇಲೇ ಅದರ ಒತ್ತು: ಪ್ರಶ್ನೆ ಎತ್ತುವುದು, ಪ್ರಯೋಗ ರೂಪಿಸುವುದು, ಸಾಕ್ಷ್ಯ ನೋಡಿ ತೀರ್ಮಾನಕ್ಕೆ ಬರುವುದು. ಅದಕ್ಕೆ ಅನುಗುಣವಾಗಿ ಆರನೇ ತರಗತಿಗೆ 2024ರಲ್ಲಿ, ಏಳು ಮತ್ತು ಎಂಟಕ್ಕೆ 2025ರಲ್ಲಿ ‘ಕ್ಯೂರಿಯಾಸಿಟಿ’ ಎಂಬ ಹೊಸ ಪುಸ್ತಕಗಳು ಬಂದಿವೆ. ಆಶಯದ ಬಗ್ಗೆ ತಕರಾರಿಲ್ಲ. ಆದರೆ ನಮ್ಮ ಶಾಲೆಗಳಲ್ಲಿ ನಿಜವಾದ ಪಠ್ಯಕ್ರಮ ಪ್ರಶ್ನೆಪತ್ರಿಕೆಯೇ ಎಂಬುದನ್ನು ಒಪ್ಪಿಕೊಳ್ಳದೆ ಯಾವ ಮಾನದಂಡವೂ ತರಗತಿಯ ಹೊಸ್ತಿಲು ದಾಟುವುದಿಲ್ಲ. ಸಿಬಿಎಸ್‌ಇ ಹತ್ತನೇ ತರಗತಿಯ ನೂರು ಅಂಕಗಳಲ್ಲಿ ಪ್ರಯೋಗಾಲಯದ ಕೆಲಸಕ್ಕೆ ಸಿಗುವುದು ಐದೇ ಅಂಕ, ಅದೂ ಆಂತರಿಕ ಮೌಲ್ಯಮಾಪನದ ಒಳಗೆ. ಮಕ್ಕಳೂ ಪೋಷಕರೂ ಈ ಲೆಕ್ಕವನ್ನು ಸರಿಯಾಗಿಯೇ ಓದಿಕೊಳ್ಳುತ್ತಾರೆ.

ಪಠ್ಯದ ಹೊರೆ ಇಳಿಸುವ ಮಾತೂ ಇಲ್ಲಿಗೇ ಬಂದು ಸೇರುತ್ತದೆ. ಕೋವಿಡ್ ನಂತರ ಹೊರೆ ತಗ್ಗಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯಿಂದ ಜೀವವಿಕಾಸವನ್ನೂ ಧಾತುಗಳ ಆವರ್ತನೀಯ ವರ್ಗೀಕರಣವನ್ನೂ ಶಕ್ತಿಯ ಆಕರಗಳನ್ನೂ ಕೈಬಿಟ್ಟಿತು. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರ ಬರೆದು ಜೀವವಿಕಾಸದ ಪಾಠವನ್ನು ಮರಳಿಸುವಂತೆ ಕೇಳಿದರು. ಮುಂದಿನ ತರಗತಿಗಳಲ್ಲಿ ಈ ವಿಷಯಗಳು ಇದ್ದೇ ಇವೆ ಎಂಬ ಸಮರ್ಥನೆ ಬಂತು. ಹತ್ತರ ನಂತರ ಕಾಮರ್ಸ್, ಆರ್ಟ್ಸ್, ಐಟಿಐಗೆ ಹೋಗುವ ಮಗುವಿಗೆ ಆ ಮುಂದಿನ ತರಗತಿ ಬರುವುದೇ ಇಲ್ಲ. ಅದರ ಪಾಲಿಗೆ ಹತ್ತನೇ ತರಗತಿಯೇ ವಿಜ್ಞಾನದ ಕೊನೆಯ ಪಾಠ.

ಆವರ್ತ ಕೋಷ್ಟಕ ಹೊರೆಯಾಗುವುದು ಅದನ್ನು ಉರು ಹೊಡೆಸಿದಾಗ ಮಾತ್ರ. 1869ರಲ್ಲಿ ಮೆಂಡಲೀವ್ ತಮ್ಮ ಕೋಷ್ಟಕವನ್ನು ಪ್ರಕಟಿಸಿದಾಗ ಇನ್ನೂ ಸಿಗದ ಧಾತುಗಳಿಗೆ ಜಾಗ ಖಾಲಿ ಬಿಟ್ಟಿದ್ದರು. ಅಲ್ಯುಮಿನಿಯಂ ಕೆಳಗಿನ ಅಂಥ ಒಂದು ಜಾಗಕ್ಕೆ 1875ರಲ್ಲಿ ಗ್ಯಾಲಿಯಂ ಬಂದು ಕೂತಿತು. ‘ಸೋಡಿಯಂ ನೀರಿನೊಡನೆ ಹೀಗೆ ವರ್ತಿಸುತ್ತದೆ, ಹಾಗಾದರೆ ಅದರ ಕೆಳಗಿರುವ ಪೊಟ್ಯಾಸಿಯಂ ಹೇಗೆ ವರ್ತಿಸಬಹುದು?’ ಎಂದು ಕೇಳುವ ಪ್ರಶ್ನೆಪತ್ರಿಕೆ ಇದ್ದರೆ ಅದೇ ಕೋಷ್ಟಕ ನೆನಪಿನ ಭಾರವನ್ನು ಇಳಿಸುತ್ತದೆ. ಕತ್ತರಿ ಬೀಳಬೇಕಾದದ್ದು ಕಂಠಪಾಠವನ್ನೇ ಬಯಸುವ ಪ್ರಶ್ನೆಗಳಿಗೆ. ಬಿದ್ದದ್ದು ಪಾಠಕ್ಕೆ.

ಪರೀಕ್ಷೆ ಬದಲಿಸುವುದು ಆಗದ ಮಾತು ಎನ್ನುವವರು ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮವನ್ನು ನೋಡಬೇಕು. 1972ರಲ್ಲಿ ಕಿಶೋರ್ ಭಾರತಿ ಸಂಸ್ಥೆ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸೇರಿ 16 ಹಳ್ಳಿ ಶಾಲೆಗಳಲ್ಲಿ ಆರಂಭಿಸಿದ ಈ ಪ್ರಯತ್ನವನ್ನು ಮುಂದೆ ಏಕಲವ್ಯ ಸಂಸ್ಥೆ ನಡೆಸಿತು. ಸಾಮಾನ್ಯ ಸರ್ಕಾರಿ ಶಾಲೆಗಳ ಆರರಿಂದ ಎಂಟನೇ ತರಗತಿಯ ಮಕ್ಕಳು ಅಗ್ಗದ ಕಿಟ್ ಹಿಡಿದು ಗುಂಪುಗುಂಪಾಗಿ ಪ್ರಯೋಗ ಮಾಡಿದರು. ಪರೀಕ್ಷೆಗೆ ಪುಸ್ತಕವನ್ನೂ ತಾವೇ ಬರೆದ ನೋಟ್ಸನ್ನೂ ಒಯ್ಯಬಹುದಿತ್ತು. ಪ್ರಾಯೋಗಿಕ ಪರೀಕ್ಷೆ ಬೇರೆಯೇ ಇತ್ತು. ಶಿಕ್ಷಕರು ತಿಂಗಳಿಗೊಮ್ಮೆ ಕೂಡಿ ಎದುರಾದ ತೊಡಕುಗಳನ್ನು ಚರ್ಚಿಸುತ್ತಿದ್ದರು. ಪರೀಕ್ಷೆಯೇ ಬದಲಾಗಿದ್ದರಿಂದ ತರಗತಿಯೂ ಬದಲಾಯಿತು. ಮೂರು ದಶಕ ನಡೆದು, ಸುಮಾರು ಸಾವಿರ ಶಾಲೆಗಳಿಗೆ ಹಬ್ಬಿದ್ದ ಕಾರ್ಯಕ್ರಮವನ್ನು 2002ರಲ್ಲಿ ಸರ್ಕಾರ ನಿಲ್ಲಿಸಿಬಿಟ್ಟಿತು. ಭಾರತದ ಶಾಲಾ ವಿಜ್ಞಾನಕ್ಕೆ ಆದ ಬಹುದೊಡ್ಡ ನಷ್ಟ ಅದು ಎಂದೇ ನಾನು ಭಾವಿಸುತ್ತೇನೆ.

ಇಂಥ ಬದಲಾವಣೆಗೆ ಕರ್ನಾಟಕಕ್ಕೆ ಇದು ತಕ್ಕ ಸಮಯ. ರಾಜ್ಯ ಶಿಕ್ಷಣ ನೀತಿ ಕುರಿತ ಸುಖದೇವ್ ಥೋರಟ್ ಆಯೋಗದ ವರದಿ 2025ರ ಆಗಸ್ಟ್‌ನಲ್ಲಿ ಸರ್ಕಾರದ ಕೈಸೇರಿದೆ. ಇನ್ನು ವಿಜ್ಞಾನ ಪಾಠಕ್ಕೆ ಸ್ಥಳೀಯತೆ ತರುವುದಾದರೆ, ಅದು ಪಾಠದ ನಡುವೆ ಊರಿನ ಹೆಸರು ಸೇರಿಸುವುದಷ್ಟೇ ಆಗಬಾರದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ, ಮಕ್ಕಳ ಹಲ್ಲಿನ ಮೇಲೆ ಅದರ ಕಲೆ ಕಾಣುತ್ತದೆ. ನೀರಿಗೆ ಬೇರೆ ಮೂಲವೇ ಇಲ್ಲದಿದ್ದರೂ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರ್‌ಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಭಾರತೀಯ ಮಾನಕ. ಮೂರು ಕೊಳವೆಬಾವಿಗಳ ಆಳ ಮತ್ತು ಫ್ಲೋರೈಡ್ ಪ್ರಮಾಣವನ್ನು ಪ್ರಶ್ನೆಯಲ್ಲೇ ಕೊಟ್ಟು, ಯಾವ ನೀರು ಕುಡಿಯಬಹುದು, ಆಳಕ್ಕೂ ಫ್ಲೋರೈಡಿಗೂ ಸಂಬಂಧವಿದೆ ಎನ್ನಲು ಮೂರೇ ಬಾವಿ ಸಾಕೇ ಎಂದು ಎಸ್ಸೆಸ್ಸೆಲ್ಸಿಯಲ್ಲಿ ಕೇಳಲಿ. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದು ನಿಂತಿರುವ ರಾಜ್ಯದಲ್ಲಿ ಶಕ್ತಿಯ ಆಕರಗಳ ಬಗ್ಗೆ ಒಂದು ಒಳ್ಳೆಯ ಪ್ರಶ್ನೆಗೆ ಬರ ಬರುವುದಿಲ್ಲ.

ಓಮ್‌ನ ನಿಯಮಕ್ಕೇ ಬೇರೆ ಪ್ರಶ್ನೆ ಯೋಚಿಸಿ. 1.5 ವೋಲ್ಟ್‌ಗೆ 0.3 ಆಂಪಿಯರ್, 3ಕ್ಕೆ 0.6, 4.5ಕ್ಕೆ 0.7, 6ಕ್ಕೆ 1.2. ಯಾವ ಅಳತೆಯ ಮೇಲೆ ಅನುಮಾನ, ಯಾಕೆ, ಮುಂದೇನು ಮಾಡುವಿರಿ? ಒಂದು ಮಗು ‘ಮೂರನೆಯದನ್ನು ಮತ್ತೆ ಅಳೆಯುತ್ತೇನೆ’ ಎನ್ನಬಹುದು, ಇನ್ನೊಂದು ‘ಸಂಪರ್ಕ ಸಡಿಲವಾಗಿತ್ತೇ ನೋಡುತ್ತೇನೆ’ ಎನ್ನಬಹುದು. ಮತ್ತೊಂದು ತಂತಿ ಬಿಸಿಯಾಗಿರಬಹುದು ಎಂದು ಬರೆದು, ಹಾಗಿದ್ದರೆ ನಾಲ್ಕನೆಯ ಅಳತೆ ಗೆರೆಗೆ ಮರಳುತ್ತಿರಲಿಲ್ಲವಲ್ಲ ಎಂದು ತಾನೇ ಅಳಿಸಿಹಾಕಬಹುದು. ಈ ಮೂರಕ್ಕೂ ಅಂಕ ಸಲ್ಲಬೇಕು. ಒಂದೇ ಸಾಲಿನ ಕೀ ಉತ್ತರ ಹಿಡಿದು ಕಟ್ಟುಕಟ್ಟು ಪತ್ರಿಕೆ ಮುಗಿಸಬೇಕಾದ ಮೌಲ್ಯಮಾಪಕರಿಗೆ ಅಷ್ಟು ವ್ಯವಧಾನ ಇರುವುದಿಲ್ಲ. ಪ್ರತಿ ಪತ್ರಿಕೆಗೂ ಹೆಚ್ಚು ಸಮಯ, ಅದಕ್ಕೆ ತಕ್ಕ ಸಂಭಾವನೆ, ಬಗೆಬಗೆಯ ಉತ್ತರಗಳನ್ನು ಮುಂದಿಟ್ಟುಕೊಂಡು ನಡೆಸುವ ತರಬೇತಿ, ಇವಕ್ಕೆ ಬಜೆಟ್‌ನಲ್ಲಿ ಹಣ ಬೇಕು. ಮಾದರಿ ಪ್ರಶ್ನೆಪತ್ರಿಕೆಯನ್ನೂ ಅದರ ಕೀ ಉತ್ತರವನ್ನೂ ಹೊಸ ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಪ್ರಕಟಿಸಿ, ಹೈಸ್ಕೂಲು ಶಿಕ್ಷಕರ ಆಕ್ಷೇಪಗಳನ್ನು ಇಲಾಖೆ ಕೇಳಿಸಿಕೊಳ್ಳಲಿ.