ಮಾಸಿನ ಕೆಲಸವೂ ತಾಯಿಯ ರಕ್ತದ ಸಕ್ಕರೆಯೂ



ಹೆರಿಗೆ ಲೈನ್ ಮನೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ, ನಮ್ಮ ಅಜ್ಜಿಯರು ಮೊದಲು ಕೇಳುವುದು ಎರಡೇ ಮಾತು. ಮಗು ಅತ್ತಿತೇ? ಮಾಸು ಬಿತ್ತೇ? ಬಿತ್ತೆಂದರೆ ಎಲ್ಲರಿಗೂ ನೆಮ್ಮದಿ. ಹಿಂದೆ ಅದನ್ನು ಹಿತ್ತಿಲಲ್ಲಿ ಹೂಳುತ್ತಿದ್ದರು, ಈಗ ಆಸ್ಪತ್ರೆಯವರೇ ಒಯ್ಯುತ್ತಾರೆ. ಒಂಬತ್ತು ತಿಂಗಳು ಅದು ಮಾಡಿದ ಕೆಲಸವನ್ನು ಯಾರೂ ಕೇಳುವುದಿಲ್ಲ.

ದಿನ ತುಂಬಿದಾಗ ಮಾಸು ಸುಮಾರು ಅರ್ಧ ಕಿಲೋ ತೂಗುತ್ತದೆ. ಗರ್ಭಕೋಶದ ಗೋಡೆಗೆ ಅಂಟಿಕೊಂಡು, ತಾಯಿಯ ರಕ್ತದಿಂದ ಪ್ರಾಣವಾಯುವನ್ನೂ ಆಹಾರದ ಸಾರವನ್ನೂ ತೆಗೆದು ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಕಳುಹಿಸುತ್ತದೆ. ಇಬ್ಬರ ರಕ್ತವೂ ಬೆರೆಯುವುದಿಲ್ಲ; ನಡುವೆ ತೆಳ್ಳಗಿನ ಪೊರೆಯಿದೆ. ಆ ಪೊರೆ ಸಕ್ಕರೆಯನ್ನು ದಾಟಲು ಬಿಡುತ್ತದೆ, ಸಕ್ಕರೆಯನ್ನು ಹತೋಟಿಯಲ್ಲಿಡುವ ತಾಯಿಯ ಇನ್ಸುಲಿನನ್ನು ಬಿಡುವುದಿಲ್ಲ. ತೊಂದರೆ ಹುಟ್ಟುವುದು ಇಲ್ಲಿಯೇ. ತಾಯಿಯಲ್ಲಿ ಸಕ್ಕರೆ ಏರಿದರೆ ಮಗುವಿನಲ್ಲಿಯೂ ಏರುತ್ತದೆ. ಅದನ್ನು ಇಳಿಸಲು ಮಗು ತಾನೇ ಇನ್ಸುಲಿನ್ ಹೆಚ್ಚಾಗಿ ತಯಾರಿಸಿ, ಕೊಬ್ಬು ಕೂಡಿಸಿಕೊಂಡು ದಪ್ಪವಾಗುತ್ತದೆ. ಮಾಸೂ ದಪ್ಪವಾಗುತ್ತದೆ, ಆದರೆ ಅದರ ಎಳೆಗಳು ಸರಿಯಾಗಿ ಬಲಿಯುವುದಿಲ್ಲ. ದೊಡ್ಡ ಮಗುವಿಗೆ ಪ್ರಾಣವಾಯು ಹೆಚ್ಚು ಬೇಕು. ಕೊಡಬೇಕಾದ ಮಾಸಿಗೆ ಶಕ್ತಿ ಸಾಲದು. ಕೊನೆಯ ವಾರಗಳಲ್ಲಿ ಹೊಟ್ಟೆಯಲ್ಲಿಯೇ ಮಗು ತೀರಿಹೋಗುವುದುಂಟು. ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳಬಹುದು, ಹುಟ್ಟಿದ ಮೇಲೆ ಮಗುವಿನ ಸಕ್ಕರೆ ಥಟ್ಟನೆ ಇಳಿಯಬಹುದು. ‘ನಾಲ್ಕು ಕಿಲೋ ಕೂಸು’ ಎಂದು ಹಿಗ್ಗುವ ನಮಗೆ ಇದು ಕಹಿ ಮಾತೇ ಸರಿ.

ಸಿಹಿ ತಿಂದೇ ಹೀಗಾಯಿತೆಂದು ಸೊಸೆಯನ್ನು ಬೈಯುವ ಅತ್ತೆಯರು ಇದನ್ನು ಸ್ವಲ್ಪ ಕೇಳಬೇಕು. ಮಾಸೇ ಸುರಿಸುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ನಿನ ಬಲವನ್ನು ಕುಗ್ಗಿಸುತ್ತವೆ. ಮಗುವಿಗೆ ಸಾರ ಸಿಗಲೆಂದು ದೇಹ ಮಾಡಿಕೊಂಡ ಏರ್ಪಾಡು ಅದು. ಹೆಚ್ಚಿನ ತಾಯಂದಿರ ದೇಹ ಇನ್ಸುಲಿನ್ ಹೆಚ್ಚಿಸಿ ಸರಿತೂಗಿಸುತ್ತದೆ, ಕೆಲವರಿಗೆ ಆಗುವುದಿಲ್ಲ. ದಿನವಿಡೀ ಇಳಿಜಾರಿನಲ್ಲಿ ನಿಂತು ಚಹಾ ಎಲೆ ಕೀಳುವ ಸಣಕಲು ಹೆಂಗಸಿಗೂ ಇದು ಬರಬಹುದು. ನೋಡಿ ಗೊತ್ತಾಗುವ ಕಾಯಿಲೆಯಲ್ಲ.

ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯನ್ನು ನಮ್ಮಲ್ಲಿ ಹಲವರು ಬಲ್ಲರು. ಅಲ್ಲಿ 1997-98ರಲ್ಲಿ ಬಸುರಿಯರಿಗೆ ಸಕ್ಕರೆ ಪರೀಕ್ಷೆ ಮಾಡಿದಾಗ ನೂರಕ್ಕೆ ಸುಮಾರು 6 ಮಂದಿಯಲ್ಲಿ ಈ ತೊಂದರೆ ಕಂಡಿತು. ಅವರ ಮಕ್ಕಳನ್ನು ವೈದ್ಯರು ಬಿಡದೆ ಗಮನಿಸುತ್ತ ಬಂದರು. 5 ವರ್ಷಕ್ಕೇ ಆ ತಾಯಂದಿರ ಹೆಣ್ಣುಮಕ್ಕಳ ಚರ್ಮದಡಿ ಕೊಬ್ಬು ಇತರ ಮಕ್ಕಳಿಗಿಂತ ಹೆಚ್ಚಿತ್ತು. ಆ ಹೆಣ್ಣುಮಕ್ಕಳೂ ಮುಂದೆ ಬಸುರಿಯರಾಗುವವರೇ ತಾನೆ?

ಪರೀಕ್ಷೆ ಸುಲಭ. ಕೇಂದ್ರ ಸರ್ಕಾರದ ಸೂಚನೆಯಂತೆ ಪ್ರತಿ ಬಸುರಿಗೂ ಮೊದಲ ಸಲ ತೋರಿಸಿಕೊಳ್ಳಲು ಹೋದಾಗ ಒಮ್ಮೆ, ಆಗ ಸರಿಯಿದ್ದರೆ 24ರಿಂದ 28 ವಾರದೊಳಗೆ ಇನ್ನೊಮ್ಮೆ ಆಗಬೇಕು. ಉಂಡು ಬಂದಿದ್ದರೂ ಅಡ್ಡಿಯಿಲ್ಲ. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿಸಿ, 2 ಗಂಟೆಯ ನಂತರ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಚಿಕಿತ್ಸೆ. ಬಹುಮಂದಿಗೆ ಊಟದ ಕ್ರಮದಲ್ಲೇ ಹತೋಟಿಗೆ ಬರುತ್ತದೆ: ಅನ್ನ ಕಡಿಮೆ, ಕಾಳು, ಸೊಪ್ಪು, ಮೊಟ್ಟೆ ಹೆಚ್ಚು, ಸಕ್ಕರೆ ಹಾಕಿದ ಚಹಾ ಬೇಡ. ‘ಇಬ್ಬರ ಊಟ ಉಣ್ಣು’ ಎಂಬ ಒತ್ತಾಯವನ್ನೂ ಬಿಡೋಣ. ಇನ್ಸುಲಿನ್ ಸೂಜಿ ಬೇಕೆಂದರೆ ಮಗುವಿಗೆ ತಾಕೀತೆಂದು ಹೆದರಬೇಡಿ. ಅದು ಮಾಸನ್ನು ದಾಟುವುದಿಲ್ಲವೆಂದು ಮೇಲೆಯೇ ಹೇಳಿದೆ.

ಆದರೆ ಆ 2 ಗಂಟೆ ಎಲ್ಲಿಂದ ಬರಬೇಕು? ಹೋಗಿಬರುವುದೂ ಸೇರಿದರೆ ಅರ್ಧ ದಿನ, ಅಂದರೆ ಅರ್ಧ ಕೂಲಿ. ನಮ್ಮ ಹೆಂಗಸರು ಪರೀಕ್ಷೆ ತಪ್ಪಿಸುವುದು ಅಜ್ಞಾನದಿಂದ ಎನ್ನುವವರು ಕೂಲಿ ಚೀಟಿ ನೋಡಿದವರಲ್ಲ. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಏರ್ಪಾಡಾಗಿದೆ. ಆ ದಿನ ಬಸುರಿಯರಿಗೆ ಪೂರ್ಣ ಹಾಜರಿ ಕೊಡಬೇಕೆಂದು ಪ್ರತಿ ಎಸ್ಟೇಟಿನ ಮುಖಂಡರೂ ಆಫೀಸಿನಲ್ಲಿ ಕೇಳಲಿ. ಮೇಸ್ತ್ರಿಗಳೂ ಅಡ್ಡ ಮಾತಾಡದಿರಲಿ. ಗಂಡಸರು ಅಂದು ಮನೆಯಲ್ಲಿ ಒಲೆ ಹಚ್ಚಿದರೆ ಏನೂ ಕಳೆದುಕೊಳ್ಳುವುದಿಲ್ಲ.

ಸಕ್ಕರೆ ಕಂಡಿದ್ದ ತಾಯಿ ಹೆರಿಗೆಯಾಗಿ 6 ವಾರಕ್ಕೆ ಮತ್ತೆ ರಕ್ತ ಪರೀಕ್ಷೆ ಮಾಡಿಸಬೇಕು. ಮಾಸು ಬಿದ್ದ ಮೇಲೆ ಸಾಮಾನ್ಯವಾಗಿ ಸಕ್ಕರೆ ಇಳಿಯುತ್ತದೆ. ಇಳಿಯದಿದ್ದರೆ ಆಗಲೇ ತಿಳಿಯುತ್ತದೆ.